ಹಿರೇಸಂಕನಾಳದ ಉಗುಳುಗಲ್ಲು

ಹಿರೇಸಂಕನಾಳದ ಕೆರೆಯ ಏರಿಯ ಮೇಲೆ, ತೂಬಿನಿಂದ ತುಸು ಆಚೆಗೆ, ಮಲಗಿದ ಎಮ್ಮೆಯಷ್ಟು ದೊಡ್ಡದಾದ ಒಂದು ಕಲ್ಲಿದೆ. ಅದರ ನೆತ್ತಿಯಿಂದ ಬುಡದವರೆಗೆ ಕೆಂಪು ಇಳಿದು ಒಣಗಿ, ಒಣಗಿದ್ದರ ಮೇಲೆ ಮತ್ತೆ ಇಳಿದು, ಕಲ್ಲಿನ ಸ್ವಂತ ಬಣ್ಣ ಯಾವುದೆಂದು ಹೇಳುವಂತಿಲ್ಲ. ಪರಸ್ಥಳದವರು ಇದು ಯಾವುದೋ ಉಗ್ರ ದೇವತೆಯೆಂದೂ ಕೆಂಪು ಕುಂಕುಮವೆಂದೂ ತಿಳಿದು ಚಪ್ಪಲಿ ಬಿಟ್ಟು ಕೈಮುಗಿಯುತ್ತಾರೆ. ಕೆರೆ ಅಳೆಯಲು ಬಂದ ಇಂಜಿನಿಯರೊಬ್ಬ ತೆಂಗಿನಕಾಯಿಯನ್ನೂ ಒಡೆದು ಹೋದನಂತೆ. ಊರವರು ತಡೆಯಲಿಲ್ಲ, ಆತ ಮರೆಯಾದ ಮೇಲೆ ಹೊಟ್ಟೆ ಹಿಡಿದು ನಕ್ಕರು. ಅದು ಕುಂಕುಮವಲ್ಲ, ಎಲೆ-ಅಡಿಕೆಯ ಉಗುಳು. ಒಡಹುಟ್ಟಿದವರ ಮೇಲೆ ಆಸ್ತಿಯ ದಾವೆ ಹೂಡಲು ಹೊರಟವರು ಯಾರೇ ಇರಲಿ, ಈ ಏರಿಯ ಮೇಲೆ ನಿಂತು ಒಮ್ಮೆ ಈ ಕಲ್ಲಿಗೆ ಉಗಿದು ಮುಂದೆ ಹೋಗಬೇಕೆಂಬುದು ಸುತ್ತಲಿನ ಊರುಗಳ ಕಟ್ಟಳೆ. ಉಗಿದವರಲ್ಲಿ ಕೆಲವರು ನಾಚಿ ಹಿಂದಿರುಗುವುದೂ ಉಂಟು ಎನ್ನುತ್ತಾರೆ. ನಾಚಿಕೆಯಿಲ್ಲದವರು ಬಾಯಿ ಒರೆಸಿಕೊಂಡು ಮುಂದುವರಿಯುತ್ತಾರೆ. ಅಂಥವರೇ ಹೆಚ್ಚು.

ಹಿಂದೆ ಒಮ್ಮೆ ಈ ಊರಿನಲ್ಲಿ ಪಾಮನಾಯಕನೆಂಬ ಬೇಡರ ಹಿರಿಯನಿದ್ದ. ಚಳಿಗಾಲಕ್ಕೆ ಈ ಕೆರೆಗೆ ಎಲ್ಲಿಂದಲೋ ಹೆಬ್ಬಾತುಗಳು ಬಂದಿಳಿಯುತ್ತಿದ್ದವು, ಇಂದಿಗೂ ಇಳಿಯುತ್ತವೆ. ಅವುಗಳ ಬೇಟೆಗೆಂದು ಬಂದ ಬಿಳಿ ಸಾಹೇಬನೊಬ್ಬನಿಗೆ ಪಾಮನಾಯಕ ಜೊಂಡಿನ ದಾರಿ ತೋರಿಸಿದ್ದಕ್ಕೆ, ಸಾಹೇಬ ಊರು ಬಿಡುವಾಗ ತನ್ನ ಜೋಡಿ ನಳಿಗೆಯ ಬಂದೂಕನ್ನು ಅವನ ಕೈಗಿಟ್ಟು ಹೋದ. ಪಾಮನಾಯಕನಿಗೆ ಆ ಬಂದೂಕು ಒಪ್ಪುತ್ತಿತ್ತು. ಎರಡು ಕಾಡತೂಸು ತುಂಬಿಕೊಂಡು ಹೋಗಿ ಎರಡು ಹಕ್ಕಿ ತರುತ್ತಿದ್ದ, ಒಂದು ತನ್ನ ಮನೆಗೆ, ಇನ್ನೊಂದು ಕೆರೆ ಕಾಯುವ ನೀರಗಂಟಿಯ ಮನೆಗೆ. ಮೂರನೆಯದಕ್ಕೆ ಅವನೆಂದೂ ಆಸೆಪಟ್ಟವನಲ್ಲ. ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಗಂಡುಮಕ್ಕಳು ಅಪ್ಪನಿಂದ ಪಡೆದದ್ದು ಮೀಸೆಯೊಂದನ್ನೇ. ಹಿರಿಯ ಕನಕಪ್ಪನಾಯಕ ಬಂದೂಕು ಹಾರಿಸುವಾಗ ಎರಡೂ ಕಣ್ಣು ಮುಚ್ಚುತ್ತಿದ್ದ. ಕಿರಿಯ ದುರುಗಪ್ಪನಾಯಕ ಹಾರಿಸುವ ಗೋಜಿಗೇ ಹೋಗದೆ ಅದಕ್ಕೆ ಎಣ್ಣೆ ಸವರಿ, ಹೆಗಲಿಗೇರಿಸಿ, ಮದುವೆ ಮನೆಗಳ ಚಪ್ಪರದಲ್ಲಿ ಅಡ್ಡಾಡುತ್ತಿದ್ದ.

ಇವರಿಬ್ಬರ ನಡುವೆ ಹುಟ್ಟಿದವಳು ಹುಲಿಗೆವ್ವ. ಗಂಡ ಹಾವು ಕಚ್ಚಿ ಸತ್ತ ಮೇಲೆ ಹಾಲು ಕುಡಿಯುವ ಹೆಣ್ಣುಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಪಾಮನಾಯಕ ಅವಳನ್ನು ಕೆರೆಯ ಕೆಳಗಿನ ಹೊಲಕ್ಕೆ ಕರೆದೊಯ್ದು, ದೈವದವರ, ಎಂದರೆ ಊರ ಹಿರಿಯರ, ಎದುರಿಗೆ ಆ ಹೊಲದ ಮಣ್ಣನ್ನು ಬೊಗಸೆ ತುಂಬ ತೆಗೆದು ಅವಳ ಉಡಿಗೆ ಹಾಕಿ, ಇದು ನಿನ್ನದು, ನಿನ್ನ ಮಗಳದು ಎಂದಿದ್ದ. ಅಂದು ಆ ಹೊಲ ಉಪ್ಪು ಕಟ್ಟಿದ ಬರೀ ಸವುಳು ನೆಲ. ಹುಲಿಗೆವ್ವ ಬೇಸಿಗೆಗಳಲ್ಲಿ ಕೆರೆಯ ಹೂಳನ್ನು ಬುಟ್ಟಿಯಲ್ಲಿ ಹೊತ್ತು ಹೊತ್ತು ಸುರಿದು, ನೆತ್ತಿಯ ಕೂದಲು ಉದುರಿದರೂ ಬಿಡದೆ, ಅದನ್ನು ಭತ್ತ ಬೆಳೆಯುವ ಭೂಮಿ ಮಾಡಿದಳು. ಸವುಳು ಇರುವತನಕ ಅಣ್ಣತಮ್ಮಂದಿರ ಕಣ್ಣು ಆ ಕಡೆ ಹೊರಳಲಿಲ್ಲ. ತೆನೆ ಬಾಗಿದ ಮೇಲೆ ಹೊರಳಿತು, ಆದರೆ ಅಪ್ಪ ಬದುಕಿದ್ದ, ಬಂದೂಕು ಅಪ್ಪನ ಕೈಯಲ್ಲಿತ್ತು. ಬಾಯಿ ಮುಚ್ಚಿಕೊಂಡಿದ್ದರು.

ಪಾಮನಾಯಕ ತೀರಿಕೊಂಡ ವರ್ಷವೇ ಮನೆ ಒಡೆಯಿತು. ಪಡಸಾಲೆಯ ನಡುವೆ ಗೋಡೆ ಎದ್ದಿತು. ಗೋಡೆ ಎಬ್ಬಿಸಿದ ರೀತಿ ಎಂಥದೆಂದರೆ, ತಲೆಬಾಗಿಲು ಅಣ್ಣನ ಕಡೆ ಉಳಿದು ಅದರ ಅಗಳಿ ತಮ್ಮನ ಕಡೆ ಹೋಯಿತು. ಎತ್ತು, ಎಮ್ಮೆ, ಹಗೇವಿನ ಜೋಳ ಎಲ್ಲ ಹಂಚಿ ಮುಗಿದು ಬಂದೂಕಿನ ಸರದಿ ಬಂದಾಗ ಇಬ್ಬರೂ ಹಟಕ್ಕೆ ಬಿದ್ದರು. ಮಾರಲು ಒಬ್ಬ ಒಪ್ಪ, ಬಿಟ್ಟುಕೊಡಲು ಇನ್ನೊಬ್ಬ ಒಪ್ಪ. ಪಂಚರು ಕೂತು ಕೂತು ಬೇಸತ್ತು ಕೊನೆಗೆ ಕೊಟ್ಟ ತೀರ್ಪನ್ನು ಕೇಳಿದರೆ ಇಂದಿಗೂ ನಗು ಬರುತ್ತದೆ. ಬಲಗಡೆಯ ನಳಿಗೆ ಅಣ್ಣನ ಪಾಲು, ಎಡಗಡೆಯ ನಳಿಗೆ ತಮ್ಮನ ಪಾಲು. ಒಬ್ಬರ ನಳಿಗೆಯಲ್ಲಿ ಇನ್ನೊಬ್ಬರು ಕಾಡತೂಸು ತುಂಬಕೂಡದು, ಒಬ್ಬರ ನಳಿಗೆಯ ಕುದುರೆಯನ್ನು ಇನ್ನೊಬ್ಬರು ಎಳೆಯಕೂಡದು. ಇದನ್ನು ಕೇಳಿ ನಾಚಿ ನೆಲಕ್ಕಿಳಿಯಬೇಕಾದ ಅಣ್ಣತಮ್ಮಂದಿರು, ರಾಜ್ಯ ಗೆದ್ದವರಂತೆ ಮೀಸೆ ತಿರುವಿದರು. ಬಂದೂಕನ್ನು ನಡುಗೋಡೆಯ ಮೇಲೆಯೇ ಇಡಲಾಯಿತು. ಇತ್ತಲಿಂದ ಒಬ್ಬ, ಅತ್ತಲಿಂದ ಒಬ್ಬ ದಿನವೂ ಏಣಿ ಹತ್ತಿ ತನ್ನ ನಳಿಗೆಗೆ ಮಾತ್ರ ಎಣ್ಣೆ ಸವರುತ್ತಿದ್ದ. ಹುಲಿಗೆವ್ವ ಅಂಗಳದಲ್ಲಿ ಕಸ ಹೊಡೆಯುತ್ತ ಇದನ್ನು ನೋಡಿ, ಇವರು ನನ್ನ ಅಪ್ಪನ ಮಕ್ಕಳು ಹೌದೋ ಅಲ್ಲವೋ ಎಂದು ಒಳಗೊಳಗೇ ಅಸಹ್ಯಪಡುತ್ತಿದ್ದಳು.

ಬೇಟೆಯಂತೂ ಬಯಲಾಟವಾಯಿತು. ಒಬ್ಬನನ್ನು ನಂಬಿ ಇನ್ನೊಬ್ಬ ಬಂದೂಕು ಬಿಡುವವನಲ್ಲ, ಹಾಗಾಗಿ ಇಬ್ಬರೂ ಒಟ್ಟಿಗೆ ಹೋಗಬೇಕು. ಕನಕಪ್ಪ ಕಣ್ಣು ಮುಚ್ಚಿ ಬಲಗಡೆಯದನ್ನು ಹಾರಿಸಿ, ಬಂದೂಕನ್ನು ತಮ್ಮನ ಕೈಗೆ ದಾಟಿಸಿ, ದುರುಗಪ್ಪ ಅದನ್ನು ಹೆಗಲಿಗಾನಿಸಿ, ಗುರಿ ಹಿಡಿದು ಎಡಗಡೆಯದನ್ನು ಹಾರಿಸುವಷ್ಟರಲ್ಲಿ ಹೆಬ್ಬಾತುಗಳು ಪಕ್ಕದೂರಿನ ಕೆರೆಯಲ್ಲಿ ಇಳಿದು ಮೀಯುತ್ತಿದ್ದವು. ಅಣ್ಣ ಜೋಳದ ಕಾಳಿನಷ್ಟು ದಪ್ಪ ಸೀಸದ ಚರೆಯ ಕಾಡತೂಸನ್ನೇ ತರಿಸುತ್ತಿದ್ದ, ದೊಡ್ಡ ಮನುಷ್ಯನ ಚರೆ ದೊಡ್ಡದಿರಬೇಕಂತೆ. ತಮ್ಮ ಸಾಸಿವೆಯಂಥ ಸಣ್ಣ ಚರೆಯದನ್ನು ತರಿಸುತ್ತಿದ್ದ, ಕಾಳು ಹೆಚ್ಚು ಸಿಗುತ್ತವೆಂಬ ಲೆಕ್ಕಾಚಾರ ಅವನದು. ಇಬ್ಬರೂ ಬರಿಗೈಯಲ್ಲಿ ಬಂದು, ಊರ ಕಟ್ಟೆಯ ಮೇಲೆ ಕೂತು, ತಪ್ಪಿಸಿಕೊಂಡ ಹಕ್ಕಿಗಳ ಗಾತ್ರವನ್ನು ಎರಡೂ ಕೈ ಚಾಚಿ ತೋರಿಸುತ್ತಿದ್ದರು.

ಹಂಚಿಕೊಳ್ಳಲು ಮತ್ತೇನೂ ಉಳಿಯದಾದಾಗ ಹುಲಿಗೆವ್ವನ ಹೊಲದ ಮಾತು ಬಂತು. ಉಡಿಗೆ ಮಣ್ಣು ಹಾಕಿದ್ದು ಅಪ್ಪನ ಮುದಿತನದ ಅರಳುಮರಳು, ಅದು ಕೊಟ್ಟಂತಲ್ಲ ಎಂದು ಇಬ್ಬರೂ ಸಾಧಿಸಿದರು. ಹುಟ್ಟಿದಾಗಿನಿಂದ ಇಬ್ಬರೂ ಒಪ್ಪಿದ ಮಾತು ಅದೊಂದೇ ಇರಬೇಕು. ಆದರೆ ಹೊಲವನ್ನು ಸೀಳಲು ಇಬ್ಬರಿಗೂ ಮನಸ್ಸಿಲ್ಲ, ಇಡಿಯಾಗಿಯೇ ಬೇಕು. ಬೇಡರಲ್ಲಿ ಹಳೆಯದೊಂದು ಪದ್ಧತಿಯಿತ್ತು. ಬೇಟೆಯ ಮೈಯಲ್ಲಿ ಯಾರ ಬಾಣವೋ ಬೇಟೆ ಅವರದು. ದುರುಗಪ್ಪ ಅದನ್ನೇ ಎತ್ತಿ ಹಿಡಿದ. ಇಬ್ಬರೂ ಒಂದೇ ಸಲಕ್ಕೆ ಹಾರಿಸೋಣ, ಬಿದ್ದ ಹಕ್ಕಿಯಲ್ಲಿ ಯಾರ ಚರೆಯೋ ಹೊಲವೂ ಅವರದೇ ಆಗಲಿ. ಪಂಚರು ಹೂಂಗುಟ್ಟಿ ತಲೆ ಅಲ್ಲಾಡಿಸಿದರು. ಅವರಲ್ಲಿ ಕುಲದ ಹಿರಿಯನಾದ ಯಂಕೋಬಣ್ಣನೊಬ್ಬನೇ, "ಹೆಣ್ಮಗಳ ಅನ್ನ ಐತಿ ಅದರಾಗ, ಸ್ವಲ್ಪ ವಿಚಾರ ಮಾಡ್ರಿ" ಎಂದ. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಆಗ ಬಾಗಿಲ ಮರೆಯಲ್ಲಿ ಮಗಳ ಕೈಹಿಡಿದು ನಿಂತಿದ್ದ ಹುಲಿಗೆವ್ವ ಮುಂದೆ ಬಂದು ಕೇಳಿದಳು, "ಅಣ್ಣಾ, ಯಾರ ಚರಿನೂ ಸಿಗಲಿಲ್ಲಂದ್ರ?"

ಕನಕಪ್ಪ ಗಹಗಹಿಸಿ ನಕ್ಕ. "ಸಿಗಲಿಲ್ಲಂದ್ರ ಹೊಲ ನಿಂದ ತಗೋ ತಂಗೀ. ಕೆರಿ ನೀರಿನ ಆಣಿ."

ತಮ್ಮನೂ ನಕ್ಕು ಹೂಂ ಎಂದ. ಆ ಮಾತನ್ನು ಅಲ್ಲಿದ್ದವರಲ್ಲಿ ಹೆಚ್ಚಿನವರು ಆಗಲೇ ಮರೆತರು.

ಮರುದಿನ ಹೊತ್ತೇರುವ ಮುಂಚೆ ಊರಿಗೆ ಊರೇ ಏರಿಯ ಮೇಲೆ ನೆರೆಯಿತು. ಬಂದೂಕನ್ನು ಈ ಕಲ್ಲಿನ ಮೇಲೆ ಆನಿಸಿ ಇಬ್ಬರು ಅಣ್ಣತಮ್ಮಂದಿರು ಅದರ ಹಿಂದೆ ಬೋರಲು ಬಿದ್ದ ಕಪ್ಪೆಗಳಂತೆ ಮಲಗಿದರು. ಹಿಡಿ ಒಂದು, ಹೆಗಲು ಎರಡು. ಒಬ್ಬನ ಗದ್ದ ಇನ್ನೊಬ್ಬನ ಕಿವಿಗೆ ತಾಗುತ್ತಿತ್ತು. ಕುದುರೆಗಳ ಸುತ್ತಲಿನ ಒಂದೇ ಬಳೆಯೊಳಗೆ ಇಬ್ಬರ ಎರಡು ಬೆರಳು ತುರುಕಿ, ಒಬ್ಬನ ಉಸಿರಿಗೆ ಇನ್ನೊಬ್ಬ ಮುಖ ಸಿಂಡರಿಸಿದ. ನೀರಗಂಟಿ ತಮಟೆ ಬಾರಿಸಿದ. ಹೆಬ್ಬಾತುಗಳ ಹಿಂಡು ನೀರು ಬಿಟ್ಟು ಎದ್ದಿತು, ಎರಡೂ ನಳಿಗೆ ಒಟ್ಟಿಗೆ ಗುಡುಗಿದವು. ಬಂದೂಕಿನ ಹಿಡಿ ಹಿಂದಕ್ಕೆ ಒದ್ದ ರಭಸಕ್ಕೆ ಕನಕಪ್ಪನ ಮುಂದಿನ ಹಲ್ಲು ಹಾರಿತು, ದುರುಗಪ್ಪ ಉರುಳಿ ಏರಿಯ ಕೆಳಗೆ ಹೋಗಿ ಬಿದ್ದ. ಇಬ್ಬರ ಕಿವಿಯಲ್ಲೂ ಗುಂಯ್ ಎಂಬುದನ್ನು ಬಿಟ್ಟರೆ ಬೇರೆ ಸದ್ದಿಲ್ಲ. ಹೊಗೆ ಸರಿದಾಗ ಒಂದು ಹೆಬ್ಬಾತು ರೆಕ್ಕೆ ಮಡಚಿ, ಹುಲಿಗೆವ್ವನ ಭತ್ತದ ನಡುವೆಯೇ ದೊಪ್ಪನೆ ಬಿತ್ತು.

ಬಾಯಲ್ಲಿ ರಕ್ತ ಸುರಿಸುತ್ತ ಒಬ್ಬ, ಮೈಗೆಲ್ಲ ಮಣ್ಣು ಮೆತ್ತಿಕೊಂಡು ಇನ್ನೊಬ್ಬ, ಇಬ್ಬರೂ ಪೈರು ತುಳಿದು ಓಡಿ ಆ ಸತ್ತ ಹಕ್ಕಿಯ ಕಾಲೊಂದು ಕತ್ತೊಂದು ಹಿಡಿದು ಜಗ್ಗಾಡಿದರು. ಪಂಚರು ಅದನ್ನು ಬಿಡಿಸಿ ತಂದು ಕಲ್ಲಿನ ಮೇಲಿಟ್ಟರು. ಈಗ ಪುಕ್ಕ ಕಿತ್ತು ಚರೆ ಹುಡುಕುವವರು ಯಾರು? ಅಣ್ಣನ ಹೆಂಡತಿ ಮುಟ್ಟಕೂಡದೆಂದು ತಮ್ಮ, ತಮ್ಮನ ಹೆಂಡತಿ ಮುಟ್ಟಕೂಡದೆಂದು ಅಣ್ಣ. ಕೊನೆಗೆ, ಯಾರ ಪಕ್ಷಕ್ಕೂ ಸೇರದವಳು ಹುಲಿಗೆವ್ವನೊಬ್ಬಳೇ, ಮನೆಯ ಹಕ್ಕಿಗಳನ್ನು ಮೊದಲಿನಿಂದ ಹಸನು ಮಾಡಿದವಳೂ ಅವಳೇ, ಅವಳೇ ನೋಡಲಿ ಎಂದು ಪಂಚರು ಕೈಸನ್ನೆ ಮಾಡಿದ್ದಕ್ಕೆ ಇಬ್ಬರೂ ಒಪ್ಪಿದರು. ಹೊಲ ಯಾರದೆಂಬ ಜಗಳದಲ್ಲಿ ಹೊಲದ ಒಡತಿಯನ್ನು ಕಕ್ಷಿಯೆಂದೇ ಯಾರೂ ಎಣಿಸಿರಲಿಲ್ಲ. ಇಂಥ ಕುರುಡರಿಗೆ ಬಂದೂಕು ಒಂದು ಕೇಡು.

ಹುಲಿಗೆವ್ವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಾಯಲ್ಲಿದ್ದ ಎಲೆ-ಅಡಿಕೆಯನ್ನು ದವಡೆಗೆ ಒತ್ತರಿಸಿ, ಪುಕ್ಕ ಕೀಳತೊಡಗಿದಳು. ಎದೆಯಲ್ಲಿ ಏನೂ ಇಲ್ಲ, ಬೆನ್ನಲ್ಲಿ ಏನೂ ಇಲ್ಲ. ರೆಕ್ಕೆಯ ಸಂದಿಗೆ ಹೋದಾಗ ಹೆಬ್ಬೆರಳಿಗೆ ಗಟ್ಟಿಯಾದದ್ದೊಂದು ತಾಗಿತು. ಒತ್ತಿದಳು, ಚರೆ ಅಂಗೈಗೆ ಜಾರಿತು. ಜೋಳದ ಕಾಳಿನಷ್ಟು ದಪ್ಪ. ಅಣ್ಣನದು. ತಲೆಯ ಮೇಲೆ ಹೊತ್ತ ಹೂಳು, ಮನೆಯಲ್ಲಿ ಗಂಜಿಗೆ ಕಾದಿರುವ ಮಗಳು, ಅಪ್ಪನ ಬೊಗಸೆ ಎಲ್ಲವೂ ಆ ಒಂದು ಕಾಳಿನಲ್ಲಿ ಬಂದು ನಿಂತವು. ಎದುರಿಗೆ ಅಣ್ಣತಮ್ಮಂದಿರು, ಮಲಗಿದ್ದಾಗ ಯಾರು ಯಾರ ಮೊಣಕೈ ತಳ್ಳಿದರೆಂದು ಒಬ್ಬರಿಗೊಬ್ಬರು ಕೇಳಿಸದಿದ್ದರೂ ಗಂಟಲು ಹರಿಯುವಂತೆ ಕೂಗಾಡುತ್ತಿದ್ದರು. ಅವಳು ತುಟಿಗೆ ಅಂಟಿದ ಪುಕ್ಕವನ್ನು ಒರೆಸಿಕೊಳ್ಳುವವಳಂತೆ ಕೈಯನ್ನು ಬಾಯಿಗೆ ತಂದಳು. ಚರೆ ಎಲೆ-ಅಡಿಕೆಯ ಜೊತೆ ಸೇರಿತು.

ಹಕ್ಕಿಯನ್ನು ಪೂರ್ತಿ ಬೋಳಿಸಿ ಮುಂದೆ ನೂಕಿ ಬರಿಗೈ ತೋರಿಸಿದಳು. ಪಂಚರು ನಂಬದೆ ಕುಡುಗೋಲು ತರಿಸಿ ಅದನ್ನು ಹೆಚ್ಚಿ ಹೆಚ್ಚಿ ನೋಡಿದರು. ದಪ್ಪದೂ ಇಲ್ಲ, ಸಣ್ಣದೂ ಇಲ್ಲ. ಹಾಗಿದ್ದರೆ ಹಕ್ಕಿ ಸತ್ತದ್ದು ಹೇಗೆ ಎಂದು ಪಂಚರಲ್ಲೊಬ್ಬ ಕೇಳಿದ.

"ಈ ಇಬ್ಬರ ಮಾರಿ ನೋಡಿ ಸತ್ತೈತ್ರಿ" ಎಂದಳು ಹುಲಿಗೆವ್ವ. ಆಮೇಲೆ ಎದ್ದು ನಿಂತು, ಹಲ್ಲು ಹೋದವನನ್ನೂ ಮಣ್ಣು ಮೆತ್ತಿದವನನ್ನೂ ಒಮ್ಮೆ ನೋಡಿ, "ಥೂ, ನಿಮ್ಮ ಬಾಳ್ವೆಗಿಷ್ಟು" ಎಂದು ಬಂದೂಕು ಆನಿಸಿದ್ದ ಕಲ್ಲಿನ ಮೇಲೆ ಬಾಯ್ತುಂಬ ಉಗುಳಿದಳು.

ಟಣ್ ಎಂದಿತು ಕಲ್ಲು. ಕಿವಿ ಸತ್ತ ಅಣ್ಣತಮ್ಮಂದಿರಿಗೆ ಅದು ಕೇಳಲಿಲ್ಲ. ಹತ್ತಿರವೇ ಕೂತಿದ್ದ ಯಂಕೋಬಣ್ಣನಿಗೆ ಕೇಳಿತು. ಆತ ಕಲ್ಲನ್ನು ನೋಡಿದ. ಕೆಂಪು ನೀರಿನ ಜೊತೆ ಕಪ್ಪಗಿನದೇನೋ ಕಲ್ಲಿನ ಬಿರುಕೊಂದರ ಕಡೆಗೆ ಉರುಳುತ್ತಿತ್ತು. ಹುಲಿಗೆವ್ವನನ್ನು ನೋಡಿದ. ಅವಳ ಮುಖದಲ್ಲಿ ರಕ್ತವಿರಲಿಲ್ಲ, ಆದರೆ ಕಣ್ಣು ತಗ್ಗಿಸಲಿಲ್ಲ. ಹಿರಿಯ ಮೆಲ್ಲಗೆ ಎದ್ದು ಬಂದು, ಗಂಟಲು ಕ್ಯಾಕರಿಸಿ, ಅದೇ ಜಾಗದ ಮೇಲೆ ತಾನೂ ಉಗುಳಿದ. ಉಳಿದ ಪಂಚರೂ ಒಬ್ಬೊಬ್ಬರಾಗಿ ಎದ್ದರು. ಕೇಳಿಸಿಕೊಂಡು ಎದ್ದವರೆಷ್ಟು, ಹಿರಿಯ ಎದ್ದನೆಂದು ಎದ್ದವರೆಷ್ಟು ಎಂಬುದು ಅವರವರಿಗೇ ಗೊತ್ತು. ಪಂಚರ ಹಿಂದೆ ಊರು ಸಾಲುಗಟ್ಟಿತು. ತಮಗೇ ಉಗಿಯುತ್ತಿದ್ದಾರೆಂದು ಅಣ್ಣತಮ್ಮಂದಿರಿಗೆ ತಿಳಿಯುವಷ್ಟರಲ್ಲಿ ಕಲ್ಲು ಕೆಂಪಾಗಿ, ಬಿರುಕು ಮುಚ್ಚಿಹೋಗಿತ್ತು. "ಕೆರಿ ನೀರಿನ ಆಣಿ ಆಗೇತಿ. ಹೊಲ ಹುಲಿಗೆವ್ವಂದು" ಎಂದು ಯಂಕೋಬಣ್ಣ ಟವಲು ಕೊಡವಿ ನಡೆದುಬಿಟ್ಟ.

ಅಷ್ಟಾದರೂ ಆ ಇಬ್ಬರಿಗೆ ಬುದ್ಧಿ ಬರಲಿಲ್ಲ. ಬಂದೂಕನ್ನು ಕಮ್ಮಾರನ ಹತ್ತಿರ ಒಯ್ದು, ಬೆಸೆದಿದ್ದ ನಳಿಗೆಗಳನ್ನು ಸೀಳಿಸಿ ಒಂದೊಂದು ಮನೆಗೆ ತಂದರು. ಒಂದರಿಂದ ಕನಕಪ್ಪನ ಹೆಂಡತಿ ಒಲೆ ಊದುತ್ತಿದ್ದಳು. ಇನ್ನೊಂದು ತಮ್ಮನ ಹಿತ್ತಿಲಲ್ಲಿ ಅವರೆ ಬಳ್ಳಿಗೆ ಊರುಗೋಲಾಯಿತು. ಈಗ ಆ ಮನೆಯೂ ಇಲ್ಲ, ನಡುಗೋಡೆಯ ಒಂದು ಮೊಂಡು ತುಂಡಿನ ಮೇಲೆ ಊರಿನ ಹುಡುಗರು ಕೂತು ಹರಟುತ್ತಾರೆ. ಹೊಲ ಮಾತ್ರ ತಾಯಿಯಿಂದ ಮಗಳಿಗೆ, ಆ ಮಗಳಿಂದ ಅವಳ ಮಗಳಿಗೆ ದಾಟುತ್ತ ಬಂದಿದೆ, ಪ್ರತಿಸಲವೂ ಉಡಿಗೆ ಮಣ್ಣು ಹಾಕಿಯೇ. ಏರಿಯ ಮೇಲೆ ನಿಂತವರಿಗೆ ಚಳಿಗಾಲದ ಹೆಬ್ಬಾತುಗಳು ಮುಂಜಾನೆ ಅಲ್ಲಿ ಇಳಿದು ಉದುರಿದ ಭತ್ತ ಹೆಕ್ಕುವುದು ಕಾಣುತ್ತದೆ. ಕಥೆ ಕೇಳಿದವರಲ್ಲಿ ಯಾರಾದರೊಬ್ಬರು ತಪ್ಪದೆ, ಆ ಚರೆ ನಿಜವಾಗಿಯೂ ಕಲ್ಲಿನ ಬಿರುಕಿನಲ್ಲಿದೆಯೇ ಎಂದು ಹೊಲದಲ್ಲಿ ಕಳೆ ಕೀಳುವ ಹೆಂಗಸರನ್ನು ಕೇಳುತ್ತಾರೆ. ಅವರು ತಲೆಯೆತ್ತದೆ ಉತ್ತರ ಕೊಡುತ್ತಾರೆ, "ಐತೋ ಇಲ್ಲೋ, ಕೈ ಹಾಕಿ ನೋಡ್ರಿ."

ಅಷ್ಟು ಜನರ ಉಗುಳಿನೊಳಗೆ ಕೈ ಹಾಕಿದವರು ಇದುವರೆಗೆ ಯಾರೂ ಇಲ್ಲ.