ಕಾಲರ್ ಮೈಕು ಯಾರಿಗೆ?

"ಅಮ್ಮಾ, ಕಾಲರ್ ಮೈಕು ತರಲೋ, ತಲೆಗೆ ಹಾಕಿಕೊಳ್ಳುವ ಮೈಕು ತರಲೋ?" ಎಂದು ಕುಮುದ ಕೇಳಿದಳು.

ಆಶ್ರಮದ ಭಾನುವಾರದ ಪ್ರವಚನಕ್ಕೆ ಬರುವವರು ಹೆಚ್ಚಾಗಿದ್ದರು. ಹಿಂದಿನ ಸಾಲಿನವರಿಗೆ ಅಮ್ಮನ ಮಾತು ಕೇಳಿಸುತ್ತಿರಲಿಲ್ಲ. ಕಡಿಮೆ ಬೆಲೆಯಲ್ಲಿ ಒಂದು ವೈರ್‌ಲೆಸ್ ಮೈಕು ನೋಡಿಕೊಂಡು ಬಾ ಎಂದು ಸಮಿತಿಯವರು ಕುಮುದಳಿಗೆ ಹೇಳಿದ್ದರು. ವರ್ಷಗಳಿಂದ ಅಮ್ಮನ ಎದುರಿಗೇ ಕೂತು ಕೇಳಿದವಳು ಅವಳು.

"ಮೈಕು ಬಂದ ಮೇಲೆ ನಾನು ಹಿಂದೆ ಕೂರುತ್ತೇನಮ್ಮಾ," ಎಂದು ಅವಳೇ ಮುಂದುವರಿಸಿದಳು. "ಮುಂದಿನ ಜಾಗ ದೊಡ್ಡವರಿಗೆ ಇರಲಿ ಅಂದರು ಸಮಿತಿಯವರು. ಸರಿಯೇ. ಅಲ್ಲಿ ಕೂತು ನಾನು ಮಾಡುವುದಾದರೂ ಏನು?"

ಹಾಗೆನ್ನುವಾಗ ಅವಳು ಅಮ್ಮನ ಮುಖ ನೋಡಲಿಲ್ಲ.

ಅಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡರು. "ಒಬ್ಬ ಕತೆಗಾರ್ತಿ ಇದ್ದಳು," ಎಂದರು.

"ಹೂಂ," ಎಂದಳು ಕುಮುದ.

ಕರೆದಲ್ಲಿಗೆ ಹೋಗಿ ಕತೆ ಹೇಳುವುದೇ ಆ ಕತೆಗಾರ್ತಿಯ ಕಸುಬು. ಶಾಲೆಯ ಅಂಗಳವಾದರೂ ಸೈ, ಮದುವೆಯ ಚಪ್ಪರವಾದರೂ ಸೈ. ಕಾಲಿಗೆ ಚಕ್ರ ಕಟ್ಟಿಕೊಂಡವಳು. ಹೋದಲ್ಲೆಲ್ಲ ಜೊತೆಗೊಬ್ಬ ಗೆಳತಿ. ಗೆಳತಿಯ ಕೆಲಸ ಒಂದೇ, ಎದುರಿಗೆ ಕೂತು ಹೂಂ ಅನ್ನುವುದು. ಹೂಂ ಅನ್ನುವವರಿಲ್ಲದೆ ಕತೆ ಹೇಳಬಾರದು ಎಂಬುದು ಹಿಂದಿನಿಂದ ಬಂದ ಪದ್ಧತಿ.

ಗೆಳತಿ ಎಲೆಅಡಿಕೆಯ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ರಾಕ್ಷಸ ಬಂದರೆ ಅವಳ ಹೂಂ ಬೆದರುತ್ತಿತ್ತು. ರಾಜ ಸುಳ್ಳು ಹೇಳಿದರೆ ಅವಳ ಹೂಂ ಮೂಗು ಮುರಿಯುತ್ತಿತ್ತು. ಕತೆ ಉದ್ದವಾಯಿತೆಂದರೆ ಹೂಂ ತಡವಾಗಿ ಬರುತ್ತಿತ್ತು. ಆಗ ಕತೆಗಾರ್ತಿ ನಡುವಿನ ಎರಡು ಕಾಡುಗಳನ್ನು ಬಿಟ್ಟು, ರಾಜಕುಮಾರನನ್ನು ನೇರವಾಗಿ ಊರಿಗೆ ತಲುಪಿಸಿಬಿಡುತ್ತಿದ್ದಳು.

ಸಭೆಗಳು ದೊಡ್ಡವಾದವು. ಕೂಗಿ ಕೂಗಿ ಕತೆಗಾರ್ತಿಯ ಗಂಟಲು ಕೆಟ್ಟಿತು. ವೈದ್ಯೆ ನೋಡಿ, "ಹೀಗೇ ಕೂಗಿದರೆ ಹೋದ ದನಿ ವಾಪಸ್ ಬರಲ್ಲ. ಮೈಕು ತಗೊಳ್ಳಿ," ಎಂದರು. ದನಿ ಹೋದರೆ ಕತೆ ಹೋಯಿತು. ಕತೆ ಹೋದರೆ ಅವಳಿಗೆ ಬೇರೆ ಏನೂ ಬರುತ್ತಿರಲಿಲ್ಲ.

ಅವಳು ಅಂಗಡಿಗೆ ಹೋಗಿ, ಇದ್ದುದರಲ್ಲೇ ಅಗ್ಗದ ಒಂದು ಕಾಲರ್ ಮೈಕು ತಂದಳು. ಸೀರೆಗೆ ಕಾಲರ್ ಎಲ್ಲಿಂದ ಬರಬೇಕು? ಸೆರಗಿಗೆ ಸಿಕ್ಕಿಸಿಕೊಂಡಳು. ಕೂತಲ್ಲೇ ಕೂತು ಹೇಳುವವಳು ಅವಳಲ್ಲ. ಕತೆಯಲ್ಲಿ ಕುದುರೆ ಓಡಿದರೆ ತಾನೂ ಓಡುವವಳು. ಸೆರಗು ಉಜ್ಜಿ ಕರಕರ ಎಂದಿತು. ತಾಳಿ ಬಡಿದು ಟಕಟಕ ಎಂದಿತು. ಮುಖವನ್ನು ರಾಜನ ಕಡೆಗೆ ತಿರುಗಿಸಿದರೆ ಪೂರ್ತಿ ದನಿ, ರಾಣಿಯ ಕಡೆಗೆ ತಿರುಗಿಸಿದರೆ ಅರ್ಧ ದನಿ. ಸಾಲದ್ದಕ್ಕೆ ಎದುರಿಗಿದ್ದ ಗೆಳತಿಯ ಹೂಂ ಕೂಡ ಎಲ್ಲೋ ಬಾವಿಯೊಳಗಿಂದ ಬಂದಂತೆ ಅದರಲ್ಲಿ ಸೇರಿಕೊಂಡಿತು. ಕತೆಗೆ ಕರೆಸಿದವರು ಓಡಿಬಂದು, "ನರಳ್ತಾ ಇರೋದು ಯಾರು ಮೇಡಂ?" ಎಂದು ಕೇಳಿದರು.

ಎರಡನೆಯ ಸಲ ಅವಳು ವಿಚಾರಿಸಿ ತಂದಳು. ಅದು ತಲೆಗೆ ಹಾಕಿಕೊಳ್ಳುವಂಥದ್ದು. ಅದೂ ಅಗ್ಗದ್ದೇ. ಆದರೆ ಅಂಗಡಿಯಲ್ಲೇ ಹಾಕಿಕೊಂಡು, ಬಗ್ಗಿ, ಎದ್ದು, ಕುಣಿದು, ಮಾತಾಡುತ್ತ ಬೀದಿಯ ತುದಿಯವರೆಗೆ ನಡೆದು, ಅಲ್ಲಿಂದಲೂ ಕೇಳಿಸುತ್ತದೆ ಎಂದಾದ ಮೇಲೆ ಕೊಂಡಳು. ಮೈಕಿನ ಕಡ್ಡಿಯನ್ನು ಬಾಯಿಗೆ ಎದುರಾಗಿ ಇಡದೆ ತುಟಿಯ ಅಂಚಿಗೆ ಸರಿಸಿದಳು. ಉಸಿರು ಬಡಿದು ಢಬ್ಬೆನ್ನುವುದು ನಿಂತಿತು. ಅದರ ಪೆಟ್ಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಹೊಸ ಸೆಲ್ ಹಾಕದೆ ವೇದಿಕೆ ಹತ್ತುತ್ತಿರಲಿಲ್ಲ. ಅವಳ ಪಿಸುಮಾತು ಕೊನೆಯ ಸಾಲಿನ ಅಜ್ಜಿಗೂ ಮುಟ್ಟಿತು. ಕೂಗುವ ಗೋಜೇ ಇಲ್ಲ.

ಆದರೆ ತಲೆಯ ಮೈಕಿಗೆ ಗೊತ್ತಿರುವುದು ತನ್ನನ್ನು ಹಾಕಿಕೊಂಡವರ ಬಾಯಿ ಮಾತ್ರ. ಗೆಳತಿಯ ಹೂಂ ಅದಕ್ಕೆ ಕೇಳಿಸಲಿಲ್ಲ. ಜನರಿಗೆ ಕೇಳಿಸಿದ್ದು ನಡುನಡುವೆ ಬರೀ ಮೌನ. "ಮೈಕು ಆಗಾಗ ಸಾಯ್ತಾ ಇದೆ ಮೇಡಂ, ಸರಿ ಮಾಡಿಸಿ," ಎಂದರು ಕರೆಸಿದವರು.

ಕತೆಗಾರ್ತಿ ಮೌನವನ್ನೇ ತೆಗೆದುಹಾಕಿದಳು. ಗೆಳತಿಗೆ, "ಇಷ್ಟು ವರ್ಷ ದುಡಿದಿದ್ದೀಯ. ಇನ್ನು ಹಿಂದೆ ಫ್ಯಾನಿನ ಕೆಳಗೆ ಆರಾಮಾಗಿ ಕೂತು ಕೇಳು ಮಾರಾಯ್ತಿ," ಎಂದಳು.

"ಹೂಂ," ಎಂದಳು ಗೆಳತಿ.

ಅವಳ ಎಲ್ಲ ಬಗೆಯ ಹೂಂ ಕೇಳಿದ್ದ ಕತೆಗಾರ್ತಿ ಅಂಥದ್ದನ್ನು ಮಾತ್ರ ಕೇಳಿರಲಿಲ್ಲ. ಹಿಂದಿನ ಸಾಲಿಗೆ ಹೋದ ಗೆಳತಿ ಒಂದೆರಡು ಕತೆ ಕೇಳಿದಳು. ಆಮೇಲೆ ಬರಲಿಲ್ಲ. ಮೊಣಕಾಲು ನೋವು ಎಂದು ಹೇಳಿಕಳಿಸಿದಳು.

ಅಮ್ಮ ಇಲ್ಲಿ ಒಂದು ಗಳಿಗೆ ನಿಲ್ಲಿಸಿದರು.

"ಹೂಂ," ಎಂದಳು ಕುಮುದ, ಮೆಲ್ಲಗೆ.

ಅಲ್ಲಿಂದ ಮುಂದೆ ಕತೆಗಳು ಓಡತೊಡಗಿದವು. ತಡೆಯುವವರು ಯಾರೂ ಇಲ್ಲ. ರಾಜ ಹುಟ್ಟಿ, ಬೆಳೆದು, ಯುದ್ಧ ಗೆದ್ದು, ಮುದುಕನಾಗಿ ಕಣ್ಣು ಮುಚ್ಚುವವರೆಗೂ ಕತೆಗಾರ್ತಿ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಚಳಿ ಬೀಳುವ ಹೊತ್ತಿಗೆ ಗಂಟಲು ಮತ್ತೆ ಕಟ್ಟಿತು. ಈ ಸಲ ಮೊದಲಿಗಿಂತ ಕೆಟ್ಟದಾಗಿ. ಅಗ್ಗದ ಮಾಲು ಕೊಟ್ಟು ಮೋಸ ಮಾಡಿದೆ ಎಂದು ಅಂಗಡಿಯವನ ಮೇಲೆ ಹರಿಹಾಯ್ದಳು. ಅವನು ಮೈಕನ್ನು ತಿರುಗಿಸಿ ಮುರುಗಿಸಿ ನೋಡಿ, ಇದಕ್ಕೇನೂ ಆಗಿಲ್ಲ ಎಂದ. ಅವಳು ವೈದ್ಯೆಯ ಬಳಿಗೆ ಹೋದಳು.

"ಈಗ ಕೂಗ್ತಾ ಇಲ್ಲ ತಾನೆ?"

"ಇಲ್ಲ."

"ನಡುವೆ ನಿಲ್ಲಿಸ್ತೀರಾ? ಉಗುಳು ನುಂಗೋಕೆ, ಉಸಿರು ತಗೊಳ್ಳೋಕೆ?"

"ಮೊದಲು ನಿಲ್ಲಿಸ್ತಿದ್ದೆ. ಅವಳು ಹೂಂ ಅನ್ನುವಾಗ."

"ಅವರೆಲ್ಲಿ ಈಗ?"

ಕತೆಗಾರ್ತಿ ಥಟ್ಟನೆ ಎದ್ದು ಬಸ್ ನಿಲ್ದಾಣದ ಕಡೆಗೆ ನಡೆದಳು.

ಬಸ್ಸಿನಲ್ಲಿ ಮನೆಗೆ ಬರುವಾಗ ಅವಳಿಗೆ ದಾರಿಯುದ್ದಕ್ಕೂ ಅದೇ ಯೋಚನೆ. ಇಷ್ಟು ವರ್ಷ ತಾನು ಗೆಳತಿಗೆ ಕತೆ ಕೊಡುತ್ತಿದ್ದೇನೆ ಎಂದುಕೊಂಡಿದ್ದಳು. ಗೆಳತಿ ತನಗೆ ಉಸಿರು ಕೊಡುತ್ತಿದ್ದಳು. ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳದೆ ಕೊಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳು ಮೂಲೆಗೆ ಎಸೆದಿದ್ದ ಕಾಲರ್ ಮೈಕನ್ನು ಹುಡುಕಿ, ಧೂಳು ಒರೆಸಿ, ಮೊದಲು ಅಂಗಡಿಗೆ, ಆಮೇಲೆ ಗೆಳತಿಯ ಮನೆಗೆ ಹೋದಳು. ಗೆಳತಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ಮೊಣಕಾಲು ಹೇಗಿದೆ?"

"ಮೊಣಕಾಲಿಗೇನಾಗಿದೆ?" ಎಂದುಬಿಟ್ಟಳು ಗೆಳತಿ. ಆಮೇಲೆ ನೆನಪಾಗಿ ಒಂದು ಮೊಣಕಾಲನ್ನು ಉಜ್ಜಿಕೊಂಡಳು.

ಕತೆಗಾರ್ತಿ ಬಗ್ಗಿ ಕಾಲರ್ ಮೈಕನ್ನು ಅವಳ ಸೆರಗಿಗೆ ಸಿಕ್ಕಿಸಿದಳು.

"ಏನೇ ಇದು? ಒಂದು ಹೂಂಗೆ ಒಂದು ಮೈಕಾ? ನನ್ನ ಮದುವೆಗೇ ಮೈಕು ಇಟ್ಟಿರಲಿಲ್ಲ ಕಣೇ!"

"ಎರಡನ್ನೂ ಒಟ್ಟಿಗೆ ಹಾಕಿದರೆ ಒಂದರ ಮೇಲೊಂದು ಬಿದ್ದು ಜಗಳ ಆಡುತ್ತವಂತೆ. ಅಂಗಡಿಯವನಿಂದ ಬೇರೆ ಬೇರೆ ಚಾನೆಲ್ಲಿಗೆ ಹಾಕಿಸಿದ್ದೀನಿ."

"ಅವಕ್ಕಾದರೂ ಬುದ್ಧಿ ಹೇಳುವವನು ಸಿಕ್ಕಿದನಲ್ಲ," ಎಂದಳು ಗೆಳತಿ. ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ, ಎಲೆಅಡಿಕೆಯ ಚೀಲ ಹುಡುಕಲು ಒಳಗೆ ಹೋದಳು.

ಗೆಳತಿ ಓಡುವವಳಲ್ಲ, ಕುಣಿಯುವವಳಲ್ಲ. ಮುಂದಿನ ಸಭೆಯಲ್ಲಿ ಅವಳ ಸೆರಗು ಅಲುಗಲಿಲ್ಲ, ಮೈಕು ಕರಕರ ಎನ್ನಲಿಲ್ಲ. ಕತೆಗಾರ್ತಿಯ ಜೀವ ತಿಂದಿದ್ದ ಆ ಅಗ್ಗದ ಯಂತ್ರ ಕೂತವಳ ಎದೆಯ ಮೇಲೆ ಹದವಾಗಿ ಕೂತಿತು. ಅವಳ ಹೂಂ ಮೊದಲ ಸಲ ಕೊನೆಯ ಸಾಲಿಗೆ ಸ್ಪಷ್ಟವಾಗಿ ಮುಟ್ಟಿತು. ಕೇಳಿದ ಕೊನೆಯ ಸಾಲಿನ ಅಜ್ಜಿ ತಾನೂ ಹೂಂ ಎಂದಳು. ಅವಳ ಪಕ್ಕದವರು ಎಂದರು. ಸ್ವಲ್ಪ ಹೊತ್ತಿಗೆ ಸಭೆಯೇ ಎಂದಿತು. ಅಷ್ಟು ಜನ ಕೊಟ್ಟ ಬಿಡುವಿನಲ್ಲಿ ಕತೆಗಾರ್ತಿ ನಿಂತು, ನಿಧಾನವಾಗಿ, ಹೊಟ್ಟೆ ತುಂಬ ಉಸಿರು ತೆಗೆದುಕೊಂಡಳು.

ಹೋಗಿದ್ದ ದನಿ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಮರಳಿತು. ಅಂದಿನಿಂದ ಅವಳು ಕತೆ ಶುರುಮಾಡುವ ಮೊದಲು ಗೆಳತಿಯ ಕಡೆಗೆ ತಿರುಗಿ ಕೈ ಜೋಡಿಸುತ್ತಿದ್ದಳು. ಆಮೇಲೆಯೇ ದೇವರಿಗೆ.

"ಹೂಂ," ಎಂದಳು ಕುಮುದ.

ಕತೆ ಮುಗಿದಿತ್ತು. ಕುಮುದ ಸೆರಗಿನಿಂದ ಕಣ್ಣಂಚು ಒರೆಸಿಕೊಂಡು, ಹೋಗಿಬರಲು ಎದ್ದಳು. "ನೀವೂ ಕೈ ಆಡಿಸುತ್ತ ಮಾತಾಡುವವರು. ಹಾಗಾದರೆ ತಲೆಗೆ ಹಾಕಿಕೊಳ್ಳುವುದನ್ನೇ ತರುತ್ತೇನಮ್ಮಾ, ಒಂದು ಸಾಕಲ್ಲವೆ?"

ಅಮ್ಮ ಅವಳ ಕಡೆಗೆ ಕೈ ಜೋಡಿಸಿದರು.

"ಕಾಲರಿನದನ್ನೂ ತಾ ಮಗಳೇ, ಈ ಕತೆಯುದ್ದಕ್ಕೂ ನಾನು ಉಸಿರಾಡಿದ್ದು ನಿನ್ನ ಹೂಂನಲ್ಲೇ."