ಮನೆಬಂಡಿಯನ್ನು ಹಿಂದಕ್ಕೆ ಒತ್ತಿದವನು

ಕೊಡಗಲ್ಲಿನ ಅರಸ ಡಂಗುರ ಹೊಡೆಸಿದ. ತಮಟೆಯವನು ಕೂಗಿದ್ದು ಇಷ್ಟು:

"ಅರಸರ ಮಗಳು ಘಟ್ಟ ಹತ್ತಿ ಅಜ್ಜಿಯ ಊರಿಗೆ ಹೋಗಬೇಕು. ಹತ್ತು ದಿನದ ದಾರಿ. ಮೇಲೆ ಡೇರೆ ಕಟ್ಟಿದ ಮನೆಬಂಡಿ ಸಿದ್ಧವಾಗಿದೆ. ಹೊಡೆಯುವವನು ಬೇಕು. ಅರಸರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವನ ಕೈಗೆ ಎತ್ತಿನ ಹಗ್ಗ. ತಪ್ಪಿದವನ ಕೊರಳಿಗೆ ಗಲ್ಲಿನ ಹಗ್ಗ."

ಕಾಟಯ್ಯ ಕೇಳಿ ತನ್ನ ದಾರಿ ಹಿಡಿದ. ಬಾಡಿಗೆ ಬಂಡಿ ಹೊಡೆಯುವವನು. ಹೆಂಡತಿ ದೇವೀರಿ ಜ್ವರದಲ್ಲಿ ಹೋಗಿ ವರ್ಷವಾಗಿತ್ತು. ಅಂದಿನಿಂದ ಅವನು ಬಂಡಿಯನ್ನು ಹಿಂದಕ್ಕೆ ಒತ್ತಿದ್ದಿಲ್ಲ. ಓಣಿ ಕಿರಿದಾದರೆ ಊರು ಸುತ್ತಿ ಬರುತ್ತಿದ್ದ. ಜನ ನಗುತ್ತಿದ್ದರು. ನಗಲಿ ಅಂತ ಬಿಟ್ಟಿದ್ದ.

ಮೂರನೆಯ ದಿನ ಸುದ್ದಿ ಬಂತು. ದೇವೀರಿಯ ತಮ್ಮ ಮುದ್ದ ಒಗಟಿಗೆ ಹೋಗಿ, ಉತ್ತರ ತಪ್ಪಿ ಸಿಕ್ಕಿಬಿದ್ದಿದ್ದ. ನಾಳೆ ಗಲ್ಲು.

"ತಮ್ಮನ್ನ ನೋಡ್ಕೊ" ಅಂದಿದ್ದಳು ದೇವೀರಿ, ಕಡೆಗೆ. ಕಾಟಯ್ಯ ವಲ್ಲಿ ಹೆಗಲಿಗೆ ಹಾಕಿಕೊಂಡು ಹೊರಟ.

ಅರಮನೆಯ ಅಂಗಳದಲ್ಲಿ ಅವನಿಗಿಂತ ಮುಂದೆ ನಿಂತವನು ಎಂಟು ಬಂಡಿಯ ಸಾಹುಕಾರ ಚೆನ್ನಸೆಟ್ಟಿ. ಅರಸ ಮೊದಲ ಒಗಟು ಹಾಕಿದ.

"ತಲೆ ಎಡಕ್ಕೆ ತಿರುಗಿದರೆ ಅದು ಬಲಕ್ಕೆ ಹೋಗುತ್ತದೆ. ಬಲಕ್ಕೆ ತಿರುಗಿದರೆ ಎಡಕ್ಕೆ. ಆದರೂ ಮೊಂಡಲ್ಲ. ಏನದು?"

"ಹೆಂಡತಿ, ಮಹಾಸ್ವಾಮಿ!" ಅಂದ ಸೆಟ್ಟಿ.

ಅಂಗಳವೆಲ್ಲ ನಕ್ಕಿತು. ಅರಸ ನಗಲಿಲ್ಲ. ಸೆಟ್ಟಿಯನ್ನು ಎಳೆದೊಯ್ದು ಮುದ್ದನ ಪಕ್ಕ ಕಟ್ಟಿದರು. ಅಲ್ಲಿ ಆಗಲೇ ನಾಲ್ವರಿದ್ದರು.

"ಭಾವ, ನೀ ಯಾಕ್ ಬಂದೆ? ವಾಪಸ್ ಹೋಗು!" ಮುದ್ದ ಕೂಗಿದ.

"ಸುಮ್ನಿರೋ" ಅಂದ ಕಾಟಯ್ಯ. ಅರಸನಿಗೆ ಕೈಮುಗಿದ. "ಬಿಡಿಸಿದ್ರೆ ನನ್ನ ಬಾಮೈದನ್ನ ಬಿಡಬೇಕು, ಬುದ್ಧಿ."

"ಬಿಡಿಸು ಮೊದಲು."

"ಅದು ಬಂಡಿಯ ಹಿಂಬದಿ. ಹಿಂದಕ್ಕೆ ಒತ್ತೋವಾಗ ಎತ್ತು ಎಡಕ್ಕೆ ಹೊರಳಿದ್ರೆ ಬಾಲ ಬಲಕ್ಕೆ ಹೋಗತ್ತೆ. ಅದಕ್ಕೇ ತುಸು ತುಸು ಹೊರಳಿಸಬೇಕು. ಜಾಸ್ತಿ ಹೊರಳಿಸಿದ್ರೆ ಬಂಡಿ ಅಡ್ಡ ತಿರುಗಿ ಎತ್ತಿನ ಮೇಲೇ ಮಡಚಿಕೊಳ್ಳತ್ತೆ."

ಅರಸ ನೆಟ್ಟಗೆ ಕೂತ. "ಹೆಚ್ಚು ಕೊಟ್ಟರೆ ಕತ್ತು ಜಗ್ಗುತ್ತದೆ. ಏನೂ ಕೊಡದಿದ್ದರೆ ಕತ್ತು ಬಿಗಿಯುತ್ತದೆ. ಸ್ವಲ್ಪವೇ ಕೊಟ್ಟರೆ ಘಟ್ಟ ಹತ್ತಿಸುತ್ತದೆ. ಏನದು?"

"ಮುಂಬಾರ, ಬುದ್ಧಿ, ನೊಗದ ಮೇಲೆ ಬೀಳೋ ಭಾರ. ಭಾರವೆಲ್ಲ ಹಿಂದೆ ಬಿದ್ರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗೀತದೆ, ಬಂಡಿ ತೂರಾಡ್ತದೆ. ಎಲ್ಲ ಮುಂದಿಟ್ರೆ ಹೆಗಲು ಕುಸೀತದೆ. ಅಕ್ಕಿ ಮೂಟೆ, ನೀರಿನ ಹಂಡೆ ಅಚ್ಚಿನ ಮೇಲೆ, ಒಂಚೂರು ಮುಂದಕ್ಕೆ ಇರಬೇಕು."

ಅರಸ ಮೂರನೆಯದನ್ನು ತಗ್ಗಿದ ದನಿಯಲ್ಲಿ ಕೇಳಿದ.

"ಎತ್ತಿಗೆ ಕಾಣದು. ಹೊಡೆಯುವವನಿಗೂ ಕಾಣದು. ಅದು ನಡೆದರೆ ಬಂಡಿ ನಡೆಯಬೇಕು. ಅದು ನಿಂತಾಗ ನಿಲ್ಲದವನು ಎಲ್ಲ ಕಳೆದುಕೊಂಡ. ಏನದು?"

ಕಾಟಯ್ಯನಿಗೆ ಉತ್ತರ ಗೊತ್ತಿತ್ತು.

"ಬಾಯಲ್ಲಿ ಹೇಳಕ್ಕಾಗಲ್ಲ ಬುದ್ಧಿ. ಬಂಡಿ ಕೊಡಿ, ತೋರಿಸ್ತೀನಿ. ಮುದ್ದನ್ನ ಬಿಚ್ಚಿ."

ಮುದ್ದನನ್ನು ಬಿಚ್ಚಿದರು. ಅಂಗಳದ ಅಂಚಿಗೆ, ಕಂದಕದ ದಂಡೆಯಲ್ಲಿ ಬಂಡಿಯ ಕೊಟ್ಟಿಗೆ. ಎರಡು ಕಲ್ಲುಕಂಬದ ನಡುವೆ ಬಂಡಿ ಹಿಂದುಹಿಂದಕ್ಕೆ ಹೋಗಬೇಕು. ಕಾಟಯ್ಯ ಮೊದಲು ಹಿಂದೆ ನಡೆದು ನೆಲ ನೋಡಿದ. ಒಂದು ಕಲ್ಲು ಎತ್ತಿ ಆಚೆ ಹಾಕಿದ. ಗಾಲಿಯ ಕೀಲು ಮುಟ್ಟಿ ನೋಡಿದ. ಆಮೇಲೆ ಎತ್ತಿನ ಮುಂದೆ ಬಂದು ನಿಂತ. ಡೇರೆ ಅಡ್ಡವಾಗಿ ಹಿಂದಿನದೇನೂ ಕಾಣಲಿಲ್ಲ.

"ಹಿಂದೆ ನಿಂತು ನಿಮ್ಮಕ್ಕ ದಾರಿ ಹೇಳಿ ಕೂಗ್ತಿದ್ದಂಗೆ ಕೂಗೋ" ಅಂದ ಮುದ್ದನಿಗೆ.

"ಬಾ... ಬಾ... ಒಸಿ ಎಡಕ್ ಬಾ..." ಮುದ್ದನ ದನಿ ಹಿಂದಿನಿಂದ ಬಂತು. ಅದೇ ಎಳೆತ. ಅದೇ ರಾಗ. ಕಾಟಯ್ಯ ಎತ್ತಿನ ಎದೆಗೆ ಅಂಗೈ ಇಟ್ಟು ಒತ್ತಿದ. ಹೆಜ್ಜೆ. ಇನ್ನೊಂದು ಹೆಜ್ಜೆ.

ದನಿ ನಿಂತಿತು. ಕಾಟಯ್ಯ ಅಲ್ಲೇ ನಿಂತ.

"ಯಾಕೆ ನಿಲ್ಲಿಸಿದೆ? ದಾರಿ ಸರಿಯಾಗಿಯೇ ಇದೆಯಲ್ಲ!" ಅರಸ ಕೂಗಿದ.

"ದನಿ ನಿಂತಿತು, ಬುದ್ಧಿ. ಯಾಕೆ ಅಂತ ನನಗೆ ಕಾಣಲ್ಲ. ಕಾಣದೆ ಇದ್ದಾಗ ನಿಲ್ಲಬೇಕು."

ಹಿಂದಿನಿಂದ ಮುದ್ದ ಅಳುವುದು ಕೇಳಿಸಿತು. "ಭಾವ... ಅಕ್ಕ ನೆನಪಾದ್ಲು."

"ಅತ್ಕೊ. ಎತ್ತು ಕಾಯ್ತವೆ."

ಕಾದವು. ಅರಸನೂ ಕಾದ. ಸ್ವಲ್ಪ ಹೊತ್ತಿಗೆ ಮತ್ತೆ "ಬಾ... ಬಾ..." ಶುರುವಾಯಿತು. ಬಂಡಿ ಕಂಬಕ್ಕೆ ತಾಗದೆ ಒಳಗೆ ಹೋಗಿ ಕೂತಿತು.

ಅರಸ ಮೆಟ್ಟಿಲಿಳಿದು ಬಂದ.

"ಹಿಂದೆ ನಿಂತವರ ದನಿ. ಅದೇ ಉತ್ತರ" ಅಂದ. "ಹೋದ ವರ್ಷ ಘಟ್ಟದ ತಿರುವಿನಲ್ಲಿ ರಾಣಿ ಹಿಂದೆ ನಿಂತು ಕೂಗುತ್ತಿದ್ದಳು. ಕಾಲು ಜಾರಿತೋ ಏನೋ, ದನಿ ನಿಂತಿತು. ಎತ್ತು ಒತ್ತುತ್ತಿದ್ದವನು ನಾನೇ. ನಿಲ್ಲಿಸಲಿಲ್ಲ. ಬಂಡಿ ಅವಳ ಮೇಲೇ ಹರಿಯಿತು."

ಕಾಟಯ್ಯ ಕಟ್ಟಿಹಾಕಿದವರ ಕಡೆ ನೋಡಿದ. ಅರಸನೂ ನೋಡಿದ.

"ತಪ್ಪಿದವನಿಗೆ ಗಲ್ಲು ಅಂದರೆ ಮೊದಲು ನನಗಾಗಬೇಕು. ಎಲ್ಲರನ್ನೂ ಬಿಚ್ಚಿ."

ಮನೆಬಂಡಿಯೂ ಜೋಡೆತ್ತೂ ಕಾಟಯ್ಯನವಾದವು. ಅರಸನ ಮಗಳು ಸುಖವಾಗಿ ಅಜ್ಜಿಯ ಮನೆ ಸೇರಿದಳು. ಘಟ್ಟದಲ್ಲಿ ಏಳು ತಿರುವು. ಏಳರಲ್ಲೂ ಮುದ್ದ ಹಿಂದೆ ನಿಂತು ಕೂಗಿದ. ಓಣಿ ಎಷ್ಟೇ ಕಿರಿದಾದರೂ ಕಾಟಯ್ಯ ಆಮೇಲೆ ಯಾವ ಊರನ್ನೂ ಸುತ್ತಿ ಬರಲಿಲ್ಲ.