ಅಣ್ಣ ಕಟ್ಟಿದ ಗಂಟು

ಕಂಪ್ಯೂಟರಿನಲ್ಲಿ ಇಮೇಲಿಗೆ ಫೈಲು ಕಟ್ಟಿಕೊಡುವ ಕಮಾಂಡು ಅಣ್ಣ. ಬಂದದ್ದನ್ನು ಬಿಚ್ಚುವ ಕಮಾಂಡು ತಂಗಿ. ಒಮ್ಮೆ ಹಳ್ಳಿಯ ನರ್ಸ್ ಫಿಲೋಮಿನಾ, ಪಿನ್ನು ನುಂಗಿದ ಮಗುವಿನ ಎಕ್ಸ್‌ರೇಯನ್ನು ಕಾರವಾರದ ಡಾಕ್ಟರಿಗೆ ಕಳಿಸಲು ಅಣ್ಣನಿಗೆ ಹೇಳಿದಳು. ಚಿತ್ರ ಒಂದೇ ಇಮೇಲಿನಲ್ಲಿ ಹಿಡಿಸದಷ್ಟು ದೊಡ್ಡದಿತ್ತು. ಅಣ್ಣ ಅವಸರದಲ್ಲಿ ಮೂರು ತುಂಡು ಮಾಡಿ ಕಳಿಸಿಬಿಟ್ಟ.

ಡಾಕ್ಟರ ಕಂಪ್ಯೂಟರಿನಲ್ಲಿದ್ದ ತಂಗಿ ಕೇಳಿದಳು: “ಅಣ್ಣಾ, ಇದರಲ್ಲಿ ಮೊದಲನೆಯದು ಯಾವುದು?”

“ನನಗೆ ಗೊತ್ತಿದೆಯಲ್ಲ!”

“ಬಿಚ್ಚಬೇಕಾದವಳು ನಾನಲ್ಲವೇ?”

ಅಣ್ಣನಿಗೆ ನಾಚಿಕೆಯಾಯಿತು. ಒಂದೊಂದು ತುಂಡಿಗೂ ಸಂಖ್ಯೆ ಬರೆದು ಮತ್ತೆ ಕಳಿಸಿದ. ತಂಗಿ ಕ್ಷಣದಲ್ಲಿ ಜೋಡಿಸಿದಳು.

“ಪಿನ್ನು ಇನ್ನೂ ಗಂಟಲಲ್ಲೇ ಇದೆ. ಈಗಲೇ ಕರೆತನ್ನಿ, ತೆಗೆಯುತ್ತೇನೆ” ಎಂದು ಡಾಕ್ಟರು ಫೋನ್ ಮಾಡಿದರು. ಮಗು ಉಳಿಯಿತು.

ಈಗ ಅಣ್ಣ ಏನನ್ನೇ ಕಟ್ಟಲಿ, ಮೊದಲು ತಂಗಿಯ ಕೈಗಳನ್ನು ನೆನೆಯುತ್ತಾನೆ.